ಕಣಗಿಲೆಯ ಮಸಿ

ಸೋಮವಾರ ಬೆಳಿಗ್ಗೆ ಹೊಲದಿಂದ ಬಂದ ಅಮರಗುಂಡಪ್ಪ ಕಾಲು ತೊಳೆಯಲಿಲ್ಲ. ಹೂವಿನ ಬುಟ್ಟಿಯನ್ನು ಪಡಸಾಲೆಯ ಕಂಬದ ಬುಡಕ್ಕೆ ಎಸೆದು, ಬಲಗೈಯನ್ನು ಹೆಂಡತಿಯ ಮುಖದ ಮುಂದೆ ಹಿಡಿದ. ಒಲೆಯ ಮೇಲಿನ ಗಡಿಗೆಯನ್ನು ಸವರಿ ಬಂದವನಂತೆ ಅಂಗೈ ಕಪ್ಪಾಗಿತ್ತು.

"ನೋಡು. ನಿನ್ನ ಮಗಳ ಗಿಡಾ ಮುಟ್ಟಿದ್ದಕ್ಕ ಇದು."

ಗುರುಲಿಂಗಮ್ಮ ಜೋಳ ಬೀಸುತ್ತಿದ್ದಳು. ಬೀಸುಕಲ್ಲಿನ ಗೂಟ ಬಿಟ್ಟು ಕೇಳಿದಳು: "ಹೂವು?"

"ಎಲ್ಲಿ ಹೂವು. ನಾಕು ಅರಳ್ಯಾವ, ಅವೂ ಮಸಿ ಹಿಡದಾವ. ಆ ಮಸಿ ಹೂವು ಲಿಂಗಕ್ಕ ಏರಸ್ಲೇನು?"

"ಇವತ್ತ ಪತ್ರಿ ಏರಸ್ರಿ."

"ಪತ್ರಿ ಊರಾಗ ಎಲ್ಲಾರಿಗೂ ಅದಾವ," ಎಂದ ಅಮರಗುಂಡಪ್ಪ. "ನನಗ ಅಕಿ ಹೂವು ಬೇಕು."

ಅಕಿ ಎಂದರೆ ಬಸವಣ್ಣೆಮ್ಮ, ಅವರ ಒಬ್ಬಳೇ ಮಗಳು. ಅವಳನ್ನು ಮುಕ್ಕುಂದಕ್ಕೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆಗೆ ಮಸ್ಕಿಗೆ ಬಂದವಳು ಆಷಾಢದಲ್ಲಿ ಕೂಸಿನೊಡನೆ ತೀರಿಕೊಂಡಳು. ಹಳ್ಳ ತುಂಬಿ ಹರಿಯುತ್ತಿದ್ದುದರಿಂದ ಗಂಡನ ಮನೆಯವರು ಬರುವುದು ತಡವಾಯಿತು. ಸಿಂಧನೂರಿನ ದಾರಿಯ ಪಕ್ಕ, ತವರಿನ ಹೊಲದಲ್ಲಿಯೇ ಮಣ್ಣು ಮಾಡಿ ಗದ್ದುಗೆ ಕಟ್ಟಿಸಿದರು. ತಿಳಿವಳಿಕೆ ಬಂದಾಗಿನಿಂದ ಅಂಗಳದ ಬಿಳಿ ಕಣಗಿಲೆಯ ಹೂ ಬಿಡಿಸಿ ತಂದೆಯ ಲಿಂಗಪೂಜೆಗೆ ತಂದಿಡುತ್ತಿದ್ದವಳು ಅವಳೇ. ಆ ಗಿಡದ ಒಂದು ಟೊಂಗೆಯನ್ನು ಮುರಿದು ಅಮರಗುಂಡಪ್ಪ ಗದ್ದುಗೆಯ ತಲೆದೆಸೆಗೆ ನೆಟ್ಟ. ಅದು ಹತ್ತಿತು, ಹೂ ಬಿಟ್ಟಿತು. ಅಂದಿನಿಂದ ಅವನು ಬೇರೆ ಗಿಡದ ಹೂವನ್ನು ಮುಟ್ಟಲಿಲ್ಲ.

ಅವನು ಭಕ್ತ. ಆದರೆ ಮಗಳು ಹೋದ ಮೇಲೆ ಶಿವನೊಡನೆ ಅವನು ಆಡುತ್ತಿದ್ದುದು ಪ್ರಾರ್ಥನೆಯ ಮಾತಲ್ಲ, ಜಗಳದ ಮಾತು. ಲಿಂಗವನ್ನು ಅಂಗೈಯಲ್ಲಿ ಹಿಡಿದು ತುಟಿಯಲ್ಲಿಯೇ ಹೇಳುತ್ತಿದ್ದ: ಮಗಳನ್ನು ಒಯ್ದೆ, ಹೂವನ್ನಾದರೂ ಕೊಡು. ಹೂವು ಬರುತ್ತಿರುವವರೆಗೆ ಆ ಜಗಳದಲ್ಲಿ ಒಂದು ಒಪ್ಪಂದವಿತ್ತು. ಈಗ ಆ ಒಪ್ಪಂದ ಮುರಿಯುವ ಹಾಗೆ ಕಾಣುತ್ತಿತ್ತು. ಎಲೆ ಕಪ್ಪಾಗಿ, ಚಿಗುರು ಮುರುಟಿ, ತುದಿಯ ಟೊಂಗೆಗಳು ಒಣಗತೊಡಗಿದ್ದವು. ಒಣಗಿದ್ದನ್ನು ಕತ್ತರಿಸೋಣವೆಂದರೆ, ಗದ್ದುಗೆಯ ಗಿಡಕ್ಕೆ ಕಬ್ಬಿಣ ಮುಟ್ಟಿಸಬಾರದೆಂಬುದು ಆ ಮನೆತನದ ರೂಢಿ.

ಯಾರು ಮಾಡಿದ್ದೆಂಬುದರಲ್ಲಿ ಅವನಿಗೆ ಸಂಶಯವಿರಲಿಲ್ಲ. ಗದ್ದುಗೆಯ ಮೂಡಲಿಗೆ, ಹಳ್ಳದ ದಂಡೆಯ ಮೇಲೆ, ದಾದೇಸಾಬನ ಇಟ್ಟಂಗಿ ಭಟ್ಟಿ ಇತ್ತು. ಜಾಗ ಅಮರಗುಂಡಪ್ಪನದು, ಅವನ ತಂದೆ ದಾದೇಸಾಬನ ತಂದೆಗೆ ಭಟ್ಟಿ ಹಾಕಿಕೊಳ್ಳಲು ಬಿಟ್ಟುಕೊಟ್ಟಿದ್ದ. ಸಂಕ್ರಾಂತಿ ಕಳೆದ ಮೇಲೆ ದಾದೇಸಾಬ ಹಳ್ಳದ ಮಣ್ಣು ಕಲಸಿ ಇಟ್ಟಂಗಿ ಕೊಯ್ಯುತ್ತಿದ್ದ. ಶಿವರಾತ್ರಿಯ ಹೊತ್ತಿಗೆ ಭಟ್ಟಿಗೆ ಬೆಂಕಿ ಕೊಡುತ್ತಿದ್ದ. ಮೃಗಶಿರ ಮಳೆ ಬಿದ್ದರೆ ಆರಿಸುತ್ತಿದ್ದ. ಗಿಡವೂ ಹಾಗೆಯೇ. ಶಿವರಾತ್ರಿಗೆ ಎಲೆಯ ಮೇಲೆ ಮಸಿ ಕಾಣಿಸಿಕೊಳ್ಳುವುದು, ಯುಗಾದಿಗೆ ದಟ್ಟವಾಗುವುದು, ಬಿಸಿಲೇರಿದಂತೆ ಏರುವುದು. ದೊಡ್ಡ ಮಳೆ ಎರಡು ಬಿದ್ದರೆ ತೊಳೆದುಹೋಗಿ, ಶ್ರಾವಣಕ್ಕೆ ಹೊಸ ಎಲೆ, ಬಿಳಿಯ ಹೂವು. ಭಟ್ಟಿಯ ವರ್ಷವನ್ನೂ ಗಿಡದ ವರ್ಷವನ್ನೂ ಒಂದೇ ಅಚ್ಚಿನಲ್ಲಿ ಕೊಯ್ದಂತಿತ್ತು. ಹೋದ ಬೇಸಿಗೆಯಲ್ಲಿ ಇದನ್ನು ನೋಡಿ ಅವನು ಸುಮ್ಮನಿದ್ದ. ಈ ಬೇಸಿಗೆಯಲ್ಲಿ ಸುಮ್ಮನಿರಲಿಲ್ಲ. ತೊಳೆಯದ ಕಾಲಲ್ಲಿ, ತೊಳೆಯದ ಕೈಯಲ್ಲಿ, ಬಂದ ದಾರಿಯನ್ನೇ ಹಿಡಿದು ಭಟ್ಟಿಗೆ ಹೋದ.

ದಾದೇಸಾಬ ಹಸಿ ಇಟ್ಟಂಗಿಗಳನ್ನು ಬಿಸಿಲಿಗೆ ಹೊರಳಿಸಿಡುತ್ತಿದ್ದ. ಅವನ ಹೆಂಡತಿ ಜುಬೇದಾಬೀ ಗುಡಿಸಲ ಮುಂದೆ ಒಲೆ ಊದುತ್ತಿದ್ದಳು.

"ಬರ್ರಿ ಧಣೇರ," ಎಂದ ದಾದೇಸಾಬ. "ಚಾ ಕಾಸಾಕತ್ತಾಳ. ನೀವು ಕುಡಿಯಂಗಿಲ್ಲ ಅಂತ ಗೊತ್ತೈತಿ, ಆದ್ರೂ ಕೇಳೋದು ನನ್ನ ಧರ್ಮ."

ಇದು ಅವರ ನಡುವಿನ ಹಳೆಯ ಚೇಷ್ಟೆ. ಅಮರಗುಂಡಪ್ಪ ಆಚಾರವಂತ, ಸಾಬರ ಕೈಯ ನೀರು ಮುಟ್ಟುವವನಲ್ಲ. "ನಿನ್ನ ಚಾ ಅಂದ್ರ ಹಳ್ಳದ ರಾಡಿ, ನನಗ ಬ್ಯಾಡೋ ಮಾರಾಯ" ಎಂದು ಅವನು ಹೇಳಬೇಕು, ಇಬ್ಬರೂ ನಗಬೇಕು. ಅಂದು ಅವನು ಹೇಳಲಿಲ್ಲ.

"ಭಟ್ಟಿ ಆರಸು."

"ಹ್ಯಾಂಗ್ರಿ? ಹೊಸಾ ಸುತ್ತಿಗೆ ನಿನ್ನೆ ಬೆಂಕಿ ಕೊಟ್ಟೀನಿ. ಅರ್ಧಾ ಬೆಂದ ಇಟ್ಟಂಗಿ ಯಾರ ಮನಿಗೆ ಹಾಕ್ಲಿ?"

"ನಿನ್ನ ಹೊಗಿ ನನ್ನ ಮಗಳ ಗಿಡಾ ತಿನ್ನಾಕತ್ತೈತಿ." ಅಮರಗುಂಡಪ್ಪ ಅಂಗೈ ತೋರಿಸಿದ.

ದಾದೇಸಾಬ ಬಗ್ಗಿ ನೋಡಿದ. ಆಮೇಲೆ ಭಟ್ಟಿಯ ಪಕ್ಕದ ಬೇವಿನ ಮರದ ಕಡೆಗೆ ಕೈ ಮಾಡಿದ. "ಈ ಬೇವು ನೋಡ್ರಿ, ಭಟ್ಟಿ ಬಗಲಾಗ ಐತಿ. ಇದರ ಎಲಿ ಹಸರು ಅದಾವ. ನನ್ನ ಹೊಗಿ ಇದನ್ನ ಬಿಟ್ಟು ನಿಮ್ಮ ಕಣಗಿಲ ಹುಡುಕ್ಕೊಂಡು ಹೊಕ್ಕೈತೇನು? ಮತ್ತ ಗಾಳಿ ಪಡುವಲಿಂದ ಬೀಸಾಕತ್ತೈತಿ. ಹೊಗಿ ಮೂಡಲಕ್ಕ ಹೊಂಟೈತಿ, ಮ್ಯಾಲೆ ನೋಡ್ರಿ."

"ನನಗ ಗಾಳಿ ಕಲಿಸಬ್ಯಾಡ."

"ಕಲಿಸಾಕತ್ತಿಲ್ರಿ, ತೋರಸಾಕತ್ತೀನಿ."

ಅಮರಗುಂಡಪ್ಪ ತಲೆ ಎತ್ತಿ ನೋಡಲಿಲ್ಲ. "ಹೋದ ವರ್ಷ ನೀ ಹಚ್ಚಿದಿ, ಕಪ್ಪಾತು. ಮಳಿಗೆ ನಿಲ್ಲಿಸಿದಿ, ತಿಳಿಯಾತು. ಈಗ ಹಚ್ಚೀದಿ, ಮತ್ತ ಕಪ್ಪಾಗೈತಿ. ಇನ್ನೇನು ಸಾಕ್ಷಿ ಬೇಕು?"

"ಬ್ಯಾಸಗ್ಯಾಗ ಹಳ್ಳಾನೂ ಬತ್ತತೈತಿ," ಎಂದ ದಾದೇಸಾಬ. "ಅದನ್ನೂ ನನ್ನ ಭಟ್ಟಿನ ಕುಡೀತೈತೇನ್ರಿ?"

ಆ ಮಾತು ಅವನು ಆಡಬಾರದಿತ್ತು. ಹೊಲದಾಚೆ ದಾರಿಯ ಮೇಲೆ ಬಂಡಿ ಹೊಡೆಯುತ್ತಿದ್ದವರು ಕೇಳಿಸಿಕೊಂಡು ನಕ್ಕರು. ಅಮರಗುಂಡಪ್ಪನ ಕತ್ತಿನ ನರ ಉಬ್ಬಿತು.

"ಮಳಿ ಬೀಳೂದ್ರಾಗ ಜಾಗಾ ಖಾಲಿ ಮಾಡು," ಎಂದ. "ನಮ್ಮಪ್ಪ ಕೊಟ್ಟಿದ್ದ, ನಾ ತಗೊಂಡೀನಿ."

ಜುಬೇದಾಬೀ ಒಲೆ ಬಿಟ್ಟು ಎದ್ದು ಬಂದಳು. "ಯಣ್ಣಾ, ಪೊಲೀಸ್ ಆ್ಯಕ್ಷನ್ ಆಗಿ ನಿಜಾಮನ ರಾಜ್ಯ ಬಿದ್ದಾಗ ಮಂದಿ ದೊಣ್ಣಿ ಹಿಡಕೊಂಡು ಬರಾಕತ್ತಾರಂತ ಸುದ್ದಿ ಬಂತು. ನೀವ ನಮ್ಮನ್ನ ಹೊಟ್ಟಿನ ಮನ್ಯಾಗ ಬಚ್ಚಿಟ್ರಿ. ಬಸವಣ್ಣೆಮ್ಮ ಸೆರಗಿನ್ಯಾಗ ರೊಟ್ಟಿ ಮುಚಿಗೊಂಡು ತರತಿದ್ಲು. ಅವತ್ತ ಉಳಿಸಿದವ್ರು ಇವತ್ತ ಓಡಸತೀರೇನು?"

"ಅಕಿ ಹೆಸರು ತಗೀಬ್ಯಾಡ."

"ನಡಿ ಒಳಗ," ಎಂದು ದಾದೇಸಾಬ ಹೆಂಡತಿಗೆ ಹೇಳಿದ. ಆಮೇಲೆ ಅಮರಗುಂಡಪ್ಪನ ಕಡೆ ತಿರುಗಿ, ದನಿ ಏರಿಸದೆ ಕೇಳಿದ: "ಆ ಗದ್ದಿಗಿ ಇಟ್ಟಂಗಿ ನನ್ನವ. ಮಗಳ ಸಮಾನ ಅಂತ ಸುಮ್ಮನ ಕೊಟ್ಟಿದ್ದೆ. ಹೋಗೂವಾಗ ಅವನ್ನೂ ಕಿತಗೊಂಡು ಹೋಗ್ಲೇನ್ರಿ?"

ಅಮರಗುಂಡಪ್ಪ ಮನೆಯ ಕಡೆ ತಿರುಗಿ ನಡೆದ. ಬೆಂದ ಭಟ್ಟಿ ಆರಿದ ಮೇಲೆ ದಾದೇಸಾಬ ಬಂಡಿಗೆ ಸಾಮಾನು ಹೇರಿದ. ಜವಳಗೇರಾ ಕಡೆ ಕಾಲುವೆ ಕೆಲಸದವರಿಗೆ ಮನೆಗಳು ಏಳುತ್ತಿದ್ದವು, ಇಟ್ಟಂಗಿ ಬೇಕಾಗಿದ್ದವು. ಅವನು ಹೋಗುವಾಗ ಊರಲ್ಲಿ ಯಾರೂ ಅಡ್ಡ ಮಾತಾಡಲಿಲ್ಲ. ಜಾಗ ಅಮರಗುಂಡಪ್ಪನದು, ಹೊರಟವನು ಸಾಬ. ಆ ವರ್ಷಗಳಲ್ಲಿ ಅಷ್ಟೇ ಸಾಕಿತ್ತು.

ಮಳೆ ಬಿತ್ತು. ಗಿಡ ತೊಳೆದುಹೋಯಿತು. ಶ್ರಾವಣದಲ್ಲಿ ಹೂವು ಬಂದಾಗ ಅಮರಗುಂಡಪ್ಪ ಹೆಂಡತಿಗೆ ಬುಟ್ಟಿ ತೋರಿಸಿ, "ನೋಡಿದೇನು?" ಎಂದ. ಗುರುಲಿಂಗಮ್ಮ ಬುಟ್ಟಿ ಇಸಿದುಕೊಂಡು ಒಳಗೆ ಹೋದಳು. ಚಳಿಗಾಲದಲ್ಲಿ ಟೊಂಗೆಗಳ ಕವಲಿನಲ್ಲಿ ಅಲ್ಲೊಂದು ಇಲ್ಲೊಂದು ಕಂದು ಹಕ್ಕಳೆ ಅಂಟಿಕೊಂಡಿತ್ತು, ಮಾಯುತ್ತಿರುವ ಗಾಯದ ಮೇಲಿನ ಹಕ್ಕಳೆಯ ಹಾಗೆ. ಅವನು ಅದನ್ನು ತೊಗಟೆಯ ಗಂಟೆಂದುಕೊಂಡ.

ಶಿವರಾತ್ರಿ ಬಂತು. ಹಳ್ಳದ ದಂಡೆಯಲ್ಲಿ ಹೊಗೆಯಿಲ್ಲ. ಹಬ್ಬದ ಮರುದಿನ ಹೂ ಬಿಡಿಸುವಾಗ ಎಲೆ ಬೆರಳಿಗೆ ಅಂಟಿತು. ಕೆಲವು ವಾರಗಳಲ್ಲಿ ಅಂಟಿನ ಮೇಲೆ ಕಪ್ಪು ಕೂತಿತು. ಯುಗಾದಿಯ ಹೊತ್ತಿಗೆ ಗಿಡ ಹಿಂದೆ ಯಾವ ವರ್ಷವೂ ಇಲ್ಲದಷ್ಟು ಕಪ್ಪಾಗಿ, ಸುಟ್ಟ ಪೊರಕೆಯಂತೆ ನಿಂತಿತ್ತು. ಒಂದು ಹೂವೂ ಇರಲಿಲ್ಲ.

ಯುಗಾದಿ ಕಳೆದ ಮೊದಲ ಸೋಮವಾರ ಅಮರಗುಂಡಪ್ಪ ಖಾಲಿ ಬುಟ್ಟಿ ಹಿಡಿದು ಭಟ್ಟಿಯ ಜಾಗಕ್ಕೆ ಹೋದ. ಯಾರೋ ಕದ್ದು ಬೆಂಕಿ ಹಚ್ಚಿರಬೇಕು ಎಂಬ ಆಸೆ ಅವನಿಗಿತ್ತು. ಆಸೆಯೆಂದೇ ಹೇಳಬೇಕು, ಯಾರಾದರೂ ಸಿಕ್ಕಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಭಟ್ಟಿಯ ಗುಂಡಿಯಲ್ಲಿ ತಣ್ಣನೆಯ ಬೂದಿಯೂ ಒಡೆದ ಇಟ್ಟಂಗಿಯೂ ಇದ್ದವು. ನಡುವೆ ಒಂದು ಎಕ್ಕೆಯ ಗಿಡ ಎದ್ದು ಹೂ ಬಿಟ್ಟಿತ್ತು.

ಅವನು ಗದ್ದುಗೆಗೆ ಮರಳಿ ಬಂದು, ಎದೆಯ ಮೇಲಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದ.

"ಈಗ ಯಾರನ್ನ ಓಡಸ್ಲಿ?" ಎಂದು ಕೇಳಿದ. "ನಿನ್ನನ್ನೇನು?"

ಸಿಟ್ಟಿಗೆ ಒಂದು ಟೊಂಗೆಯನ್ನು ಹಿಡಿದೆಳೆದಾಗ ಉಗುರಿಗೆ ಒಂದು ಹಕ್ಕಳೆ ಕಿತ್ತುಬಂತು. ಅರ್ಧ ಹೆಸರುಕಾಳಿನಷ್ಟು ದಪ್ಪ, ಮೇಲೆ ಗಟ್ಟಿ ಚಿಪ್ಪು. ಮಗುಚಿ ನೋಡಿದ. ಒಳಗೆ ನಸು ಹಳದಿ ಹಿಟ್ಟು ತುಂಬಿತ್ತು. ನೋಡುತ್ತಿದ್ದಂತೆ ಹಿಟ್ಟು ಮಿಸುಕಿತು. ಅದು ಹಿಟ್ಟಲ್ಲ, ಮೊಟ್ಟೆ ಮರಿ. ಮರಿಗಳು ಅವನ ಹೆಬ್ಬೆರಳ ಮೇಲೆ ಹರಿದು ಹೊಸ ಜಾಗ ಹುಡುಕುತ್ತಿದ್ದವು. ಟೊಂಗೆಯ ಉದ್ದಕ್ಕೂ, ಎಲೆಯ ನರದ ಉದ್ದಕ್ಕೂ ಇಂಥವೇ ಹಕ್ಕಳೆಗಳು ಒತ್ತಾಗಿ ಕೂತಿದ್ದವು. ಕಾಲಿಲ್ಲ, ಅಲುಗಾಟವಿಲ್ಲ, ಬಾಯಿ ಮಾತ್ರ ಗಿಡದೊಳಗೆ.

ಅವನು ಹುಟ್ಟು ರೈತ. ಹಿಂಗಾರಿ ಜೋಳಕ್ಕೆ ಹೇನು ಬಿದ್ದಾಗ ಎಲೆ ಹೇಗೆ ಅಂಟಾಗುತ್ತದೆ, ಹುಳ ವಿಸರ್ಜಿಸುವ ಆ ಸಿಹಿ ಅಂಟಿಗೆ ಇರುವೆ ಹೇಗೆ ಸಾಲುಗಟ್ಟುತ್ತದೆ, ಅಂಟಿನ ಮೇಲೆ ಹೇಗೆ ಕಪ್ಪು ಬೂಜು ಬೆಳೆಯುತ್ತದೆ ಎಂಬುದನ್ನು ಅವನು ಪ್ರತಿ ಚಳಿಗಾಲದಲ್ಲಿಯೂ ನೋಡಿದ್ದ. ಹೊಲದಲ್ಲಿ ನೋಡಿದ್ದನ್ನು ಇಲ್ಲಿ ನೋಡಲಿಲ್ಲ. ಅದು ಪೈರು, ಇದು ಮಗಳು. ಮಗಳಿಗೆ ಹುಳ ಬಿದ್ದಿದೆಯೇ ಎಂದು ಯಾವ ತಂದೆ ಬಗ್ಗಿ ನೋಡುತ್ತಾನೆ?

ಈಗ ನೋಡಿದ. ಚಳಿಗಾಲದ ಆ ನಾಲ್ಕು ಹಕ್ಕಳೆಗಳೇ ಬೇಸಿಗೆಯ ಕಾವಿಗೆ ಸಾವಿರವಾಗಿದ್ದವು. ಮಳೆ ಮರಿಗಳನ್ನು ಬಡಿದು ಕೆಡವುತ್ತಿತ್ತು, ಮಸಿಯನ್ನು ತೊಳೆಯುತ್ತಿತ್ತು. ಕವಲಿನಲ್ಲಿ ಅಡಗಿದ ತಾಯಿಗಳು ಮಾತ್ರ ಉಳಿದು ಮುಂದಿನ ಶಿವರಾತ್ರಿಗೆ ಕಾಯುತ್ತಿದ್ದವು. ಭಟ್ಟಿಗೂ ಬೇಸಿಗೆ ಬೇಕು, ಇವಕ್ಕೂ ಬೇಸಿಗೆ ಬೇಕು. ಇಷ್ಟೇ ಆಗಿದ್ದದ್ದು.

ಗುಲಗಂಜಿಯಂಥ ಒಂದು ಕೆಂಪು ಹುಳ ಹಾರಿಬಂದು ಹಕ್ಕಳೆಯನ್ನು ಕಚ್ಚಿ ತಿನ್ನತೊಡಗಿತು. ತಕ್ಷಣ ಇರುವೆಗಳು ಮುತ್ತಿ ಅದನ್ನು ಕಾಲು ಹಿಡಿದೆಳೆದು ಕೆಳಗೆ ಬೀಳಿಸಿದವು. ದನ ಕಾಯುವವರು ತೋಳವನ್ನು ಅಟ್ಟಿದ ಹಾಗೆ. ಅಮರಗುಂಡಪ್ಪ ಇರುವೆಗಳ ಸಾಲನ್ನು ಕಣ್ಣಿನಿಂದ ಹಿಂಬಾಲಿಸಿದ. ಸಾಲು ಕಾಂಡ ಇಳಿದು, ಗದ್ದುಗೆಯ ಇಟ್ಟಂಗಿಯ ಸಂದು ಹೊಕ್ಕು, ಬುಡದಲ್ಲಿ ಹೊರಬಿದ್ದಿತ್ತು. ಅಲ್ಲಿ ಅಕ್ಕಿಹಿಟ್ಟು ಮತ್ತು ಸಕ್ಕರೆಯ ಸಣ್ಣ ಗುಡ್ಡೆ ಇತ್ತು. ಹಿಂದಿನ ವಾರದ್ದು, ಅರ್ಧ ಮುಗಿದಿತ್ತು.

ಹಿಂದೆ ಬಳೆಯ ಸದ್ದಾಯಿತು. ಗುರುಲಿಂಗಮ್ಮ ಕೈಯಲ್ಲಿ ಹಿಟ್ಟಿನ ಬಟ್ಟಲು ಹಿಡಿದು ಬಂದಿದ್ದಳು.

"ಏನಿದು?" ಎಂದು ಅವನು ಗುಡ್ಡೆಯನ್ನು ತೋರಿಸಿದ.

"ಇರುವಿಗೆ ಹಿಟ್ಟು. ಅಕಿ ಹ್ವಾದಾಗಿಂದ ಸ್ವಾಮಾರ ಸ್ವಾಮಾರ ಹಾಕತೀನಿ. ನಿಮಗ ಗೊತ್ತಿಲ್ಲೇನು?"

ಅವನಿಗೆ ಗೊತ್ತಿತ್ತು. ಸತ್ತವರ ಹೆಸರಿನಲ್ಲಿ ಇರುವೆಗೆ ಸಕ್ಕರೆ ಹಾಕುವುದು ಪುಣ್ಯದ ಕೆಲಸ. ಅವನ ತಾಯಿಯೂ ಹಾಕುತ್ತಿದ್ದಳು. ಎಲ್ಲಿ ಹಾಕುತ್ತಾಳೆಂದು ಅವನು ನೋಡಿರಲಿಲ್ಲ.

"ಮೂರು ವರ್ಷ ಇರುವಿ ಸಾಕೀದಿ," ಎಂದ. "ಇರುವಿ ಈ ಹುಳಾ ಸಾಕ್ಯಾವ. ಹುಳಾ ನಿನ್ನ ಮಗಳ ಗಿಡಾ ಹೀರ್ಯಾವ. ಪುಣ್ಯಾ ಬಂತೇನು? ಬಗ್ಗಿ ನೋಡು, ಬಗ್ಗು."

ಗುರುಲಿಂಗಮ್ಮ ಬಗ್ಗಿ ನೋಡಿದಳು. ಒಂದು ಹಕ್ಕಳೆಯನ್ನು ತಾನೇ ಕಿತ್ತಳು, ಒಳಗಿನದು ಮಿಸುಕುವುದನ್ನು ಕಂಡಳು, ಸೀರೆಗೆ ಕೈ ಒರೆಸಿಕೊಂಡಳು. ಅವಳು ಅಳುತ್ತಾಳೆಂದು ಅವನು ತಿಳಿದ. ಅವಳು ಅಳಲಿಲ್ಲ.

"ಅಕಿ ಸಣ್ಣಾಕಿದ್ದಾಗ ಬಾಯಾನ ಸಕ್ಕರಿ ತಗದು ಇರುವಿ ಮುಂದ ಇಡತಿದ್ಲು," ಎಂದಳು. "ಅದಕ್ಕ ಹಾಕಿದೆ. ತಿಳೀದ ಹಾಕಿದೆ. ನಾ ತಿಳೀದ ಇರುವಿಗೆ ಅನ್ನಾ ಹಾಕೀನಿ. ನೀವು ತಿಳೀದ ಮನಷ್ಯಾರ ಅನ್ನಾ ಕಸಗೊಂಡೀರಿ. ನನ್ನ ಮ್ಯಾಲೆ ಕಣ್ಣು ಕೆಂಪು ಮಾಡಬ್ಯಾಡ್ರಿ. ಮಾಡೋದಿದ್ರ ಜವಳಗೇರಾಕ ಹೋಗಿ ಮಾಡ್ರಿ, ನಿಮ್ಮ ಕೈಲಾದ್ರ."

ಬಟ್ಟಲಿನ ಹಿಟ್ಟನ್ನು ಅವಳು ಚೆಲ್ಲಲಿಲ್ಲ. ಹಾಗೆಯೇ ಹಿಡಿದು ಮನೆಯ ಕಡೆ ನಡೆದಳು.

ಮೂರನೆಯ ದಿನ ಅಮರಗುಂಡಪ್ಪ ರುಮಾಲು ಸುತ್ತಿಕೊಂಡು ಬಸ್ಸು ಹತ್ತಿದ. ಜವಳಗೇರಾದಲ್ಲಿ ಭಟ್ಟಿಯನ್ನು ಕೇಳಿ ಹುಡುಕಬೇಕಾಗಲಿಲ್ಲ. ದೂರದಿಂದಲೇ ಹೊಗೆ ಕಾಣುತ್ತಿತ್ತು.

ದಾದೇಸಾಬ ಅವನನ್ನು ಕಂಡು ಕೆಲಸ ನಿಲ್ಲಿಸಿದ, ಆದರೆ ಎದುರು ಬರಲಿಲ್ಲ.

"ಕಣಗಿಲ ಮತ್ತ ಕಪ್ಪಾಗೈತಂತ," ಎಂದ. "ಮಸ್ಕಿ ಬಂಡಿಯವ್ರು ಹೇಳಿದ್ರು. ಈ ವರ್ಷ ಯಾರ ಹೊಗಿರಿ, ಧಣೇರ?"

"ಹುಳಾ," ಎಂದ ಅಮರಗುಂಡಪ್ಪ. "ಹುಳಾ ಬಿದ್ದಿತ್ತು. ನಾ ನೋಡ್ಲಿಲ್ಲ."

"ಹುಳಾ." ದಾದೇಸಾಬ ತಲೆಯಾಡಿಸಿದ. "ಅದಕ್ಕೂ ಜಾಗಾ ಖಾಲಿ ಮಾಡು ಅಂತ ಹೇಳಿದ್ರೇನು?"

ಅಮರಗುಂಡಪ್ಪ ಅದನ್ನು ನುಂಗಿಕೊಂಡ. "ಗಲತಿ ನಂದು. ಜಾಗಾ ಹಂಗ ಐತಿ. ಬಾ."

"ಜಾಗಾ ನಿಮ್ದು, ಧಣೇರ. ಅವತ್ತೂ ನಿಮ್ದ, ಇವತ್ತೂ ನಿಮ್ದ. ಬರತೀನಿ ಅನ್ರಿ. ಮುಂದಿನ ವರ್ಷ ನಿಮ್ಮ ಎತ್ತು ಸತ್ರ? ಬಾವಿ ನೀರು ಉಪ್ಪಾದ್ರ? ಅವತ್ತೂ ನನ್ನ ಭಟ್ಟೀನ ಕಣ್ಣಿಗೆ ಬೀಳತೈತಿ. ನಿಮಗ ದುಃಖ ಆದಾಗೆಲ್ಲಾ ನಾ ಬಂಡಿ ಕಟ್ಟಾಕ ಆಗಂಗಿಲ್ರಿ."

ಬಿಸಿಲು ಸುಡುತ್ತಿತ್ತು. ಅಮರಗುಂಡಪ್ಪ ಅಲ್ಲಿದ್ದ ಇಟ್ಟಂಗಿಯ ರಾಶಿಯ ಮೇಲೆ ಕೂತು, "ಚಾ ಕೊಡು" ಎಂದ.

ಜುಬೇದಾಬೀಯ ಕೈ ಒಲೆಯ ಬಳಿ ನಿಂತಿತು. ಅವನ ವಂಶದಲ್ಲಿ ಯಾರೂ ಆಡದ ಮಾತು ಅದು. ಮೂವರಿಗೂ ಅದರ ಭಾರ ಗೊತ್ತಿತ್ತು. ಅವಳು ಗಂಡನ ಮುಖ ನೋಡಿದಳು. ದಾದೇಸಾಬ ಒಲೆಯ ಮೇಲಿನ ಪಾತ್ರೆಯನ್ನು ನೋಡಿದ. ಅದರಿಂದ ಉಗಿ ಏಳುತ್ತಿತ್ತು.

"ಚಾ ಮುಗದೈತ್ರಿ," ಎಂದ.

ಅಮರಗುಂಡಪ್ಪ ಬಸ್ಸಿನಲ್ಲಿ ಮರಳುವಾಗ ದಾರಿಯುದ್ದಕ್ಕೂ ದಾದೇಸಾಬನನ್ನು ಮನಸ್ಸಿನಲ್ಲಿ ಬೈದ. ಎಂಥ ಕಲ್ಲೆದೆ, ಮನೆ ಬಾಗಿಲಿಗೆ ಹೋದವನಿಗೆ ಹೀಗೆ ಮಾಡುವುದೇ ಎಂದ. ಮಸ್ಕಿಯ ಗುಡ್ಡ ಕಣ್ಣಿಗೆ ಬೀಳುವಷ್ಟರಲ್ಲಿ ಬೈಗುಳ ಮುಗಿದಿದ್ದವು, ಸಿಟ್ಟು ಮುಗಿದಿರಲಿಲ್ಲ. ಮನೆಗೆ ಹೋಗಿ ಕೊಡಲಿ ತೆಗೆದುಕೊಂಡ.

ಗುರುಲಿಂಗಮ್ಮ ಬಾಗಿಲಿಗೆ ಅಡ್ಡ ನಿಂತಳು. "ಗದ್ದಿಗಿ ಗಿಡಕ್ಕ ಕಬ್ಬಿಣ ಮುಟ್ಟಸಬಾರದು."

"ಶಿವಾ ಮುಟ್ಟಿಸ್ಯಾನ," ಎಂದ ಅವನು. "ಇಪ್ಪತ್ತು ತುಂಬದ ಹುಡುಗೀಗೆ ಮುಟ್ಟಿಸ್ಯಾನ. ನಾ ಒಂದು ಗಿಡಕ್ಕ ಮುಟ್ಟಸಬಾರದೇನು? ಸರಿ."

ಅವಳು ಸರಿದಳು. ಸರಿದು, ಅವನ ಹಿಂದೆ ತಾನೂ ಬಂದಳು. ಅವನು ಕಣಗಿಲೆಯನ್ನು ಮೊಣಕಾಲೆತ್ತರಕ್ಕೆ ಕಡಿದ. ಉಳಿದ ಮೋಟಿನ ಮೇಲಿನ ಹಕ್ಕಳೆಗಳನ್ನು ಅವಳು ತೆಂಗಿನ ನಾರಿನಿಂದ ತಿಕ್ಕಿ ತೆಗೆದಳು. ಬುಡದ ಹಿಟ್ಟನ್ನು ಅವನು ಬಾಚಿ ತೆಗೆದು, ಹಳೆಯ ಭಟ್ಟಿಯಿಂದ ಬುಟ್ಟಿ ತುಂಬ ಬೂದಿ ತಂದು ಮೋಟಿನ ಸುತ್ತ ದಪ್ಪನಾಗಿ ಸುರಿದ. ಇರುವೆಗಳು ಬೂದಿಯವರೆಗೆ ಬಂದು ತಿರುಗಿದವು. ಕಡಿದ ಟೊಂಗೆಗಳನ್ನು ಹುಳ ಹರಿದು ಬೇರೆ ಗಿಡಕ್ಕೆ ಏರದಂತೆ ಭಟ್ಟಿಯ ಗುಂಡಿಗೆ ಎಳೆದು ಹಾಕಿದರು.

ಲಿಂಗಪೂಜೆಗೆ ಆ ಬೇಸಿಗೆಯೆಲ್ಲ ಪತ್ರಿಯೇ ಆಯಿತು. ರೋಹಿಣಿಯಲ್ಲಿ ಒಂದು ಮಳೆ ಬಿದ್ದ ಮೇಲೆ ಮೋಟಿನ ಬದಿಯಲ್ಲಿ ಎರಡು ಚಿಗುರು ಒಡೆದವು. ಅಮರಗುಂಡಪ್ಪ ಮಂಡಿಯೂರಿ, ಎಲೆ ಎಲೆಯನ್ನೂ ಮಗುಚಿ ನೋಡಿದ. ತಿಳಿ ಹಸಿರು, ಬೆರಳಿಗೆ ಅಂಟಲಿಲ್ಲ. ಗುರುಲಿಂಗಮ್ಮ ಹಿಟ್ಟಿನ ಬಟ್ಟಲು ಹಿಡಿದು ದೂರ ನಿಂತಿದ್ದಳು.

"ಹಾಕೋದಿದ್ರ ಅಲ್ಲಿ ಹಾಕು," ಎಂದು ಅವನು ಭಟ್ಟಿಯ ಕಡೆ ಕೈ ಮಾಡಿದ. "ಆ ಜಾಗಕ್ಕೂ ಯಾರರೆ ಬೇಕಲ್ಲ."

ಇಬ್ಬರೂ ಅಲ್ಲಿಗೆ ಹೋದರು. ಅವಳು ಬೇವಿನ ಬುಡಕ್ಕೆ ಹಿಟ್ಟು ಹಾಕಿದಳು. ಅವನು ಗುಂಡಿಯಲ್ಲಿ ಒಣಗಿ ಬಿದ್ದಿದ್ದ ಕಣಗಿಲೆಯ ಟೊಂಗೆಗಳಿಗೆ ಕಡ್ಡಿ ಗೀರಿದ.

"ಈ ಕಡೆ ಬರ್ರಿ," ಎಂದಳು ಗುರುಲಿಂಗಮ್ಮ. "ಕಣಗಿಲದ ಹೊಗಿ ಕೆಟ್ಟದ್ದು, ಎದಿಗೆ ಹತ್ತತೈತಿ."

ಅವನು ಬಂದು ಅವಳ ಪಕ್ಕ, ಗದ್ದುಗೆಗೆ ಬೆನ್ನು ಮಾಡಿ ನಿಂತ. ಹಕ್ಕಳೆಗಳು ಬೆಂಕಿಯಲ್ಲಿ ಚಟಚಟ ಸಿಡಿದವು. ಹೊಗೆ ಕಪ್ಪಾಗಿ ಎದ್ದಿತು. ಈ ಸಲ ಅಮರಗುಂಡಪ್ಪ ತಲೆ ಎತ್ತಿ ನೋಡಿದ. ಪಡುವಲ ಗಾಳಿ ಹೊಗೆಯನ್ನು ಹಿಡಿದು ಹಳ್ಳ ದಾಟಿಸಿ ಮೂಡಲಕ್ಕೆ ಒಯ್ಯುತ್ತಿತ್ತು. ಬೆಂಕಿ ಆರುವವರೆಗೂ ಅವನು ಕಣ್ಣು ಕೀಳದೆ ನೋಡುತ್ತ ನಿಂತ. ಒಂದು ಸಲವಾದರೂ ಅದು ಗದ್ದುಗೆಯ ಕಡೆಗೆ ತಿರುಗೀತೇ ಎಂದು ಕಾದ. ಅದು ತಿರುಗಲಿಲ್ಲ.